ಹುಲ್ಲಿನ ಎಥನಾಲ್: ತೊಡಕು ಕಾರ್ಖಾನೆಗಿಂತ ಹೊಲದಲ್ಲೇ ಹೆಚ್ಚು

"ಭತ್ತದ ಹುಲ್ಲಿನಾಗೂ ಪೆಟ್ರೋಲ್ ತೆಗೀತಾರಂತಲ್ಲವ್ವಾ, ನಮ್ಮ ಹುಲ್ಲಿಗೆ ಯಾವಾಗ ರೇಟ್ ಬರ್ತತಿ?" ಭದ್ರಾ ಅಚ್ಚುಕಟ್ಟಿನ ನಮ್ಮೂರಿಗೆ ಹೋದಾಗೆಲ್ಲ ಯಾರಾದರೊಬ್ಬರು ಹೀಗೆ ಕೇಳುತ್ತಾರೆ. ನಾನು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಕೆಮಿಸ್ಟ್ ಎಂಬುದು ಅವರಿಗೆ ಗೊತ್ತು.

ಹುಲ್ಲಿನಿಂದ ಬರುವುದು ಪೆಟ್ರೋಲ್ ಅಲ್ಲ, ಪೆಟ್ರೋಲಿಗೆ ಬೆರೆಸುವ ಎಥನಾಲ್. ನಮ್ಮಲ್ಲಿ ಅದನ್ನು ಕಾಕಂಬಿಯಿಂದ ತೆಗೆಯುತ್ತೇವೆ. ಕಾಕಂಬಿಯಲ್ಲಿ ಸಕ್ಕರೆ ತಯಾರಾಗಿಯೇ ಇರುತ್ತದೆ. ನೀರು ಸೇರಿಸಿ ಯೀಸ್ಟ್ ಹಾಕಿದರೆ ಒಂದೂವರೆ ದಿನದೊಳಗೆ ಹುದುಗಿ, ಭಟ್ಟಿ ಇಳಿಸಲು ಸಿದ್ಧ. ಹುಲ್ಲಿನಲ್ಲೂ ಸಕ್ಕರೆಯ ಅಂಶವಿದೆ, ಆದರೆ ಅದು ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್ ನಾರುಗಳಾಗಿ ಹೆಣೆದುಕೊಂಡಿದೆ. ಇಟ್ಟಿಗೆಗಳ ನಡುವಿನ ಗಾರೆಯಂತೆ ಲಿಗ್ನಿನ್ ಅವನ್ನು ಬಿಗಿದು ಹಿಡಿದಿರುತ್ತದೆ.

ಈ ಬಿಗಿ ಸಡಿಲಿಸಲು ಸಾರಗುಂದಿಸಿದ ಆಮ್ಲದಲ್ಲಿ, ಹೆಚ್ಚಿನ ಒತ್ತಡದ ಹಬೆಯಲ್ಲಿ ಹುಲ್ಲನ್ನು ಬೇಯಿಸಬೇಕು. ಬೆಂದದ್ದು ಸಾಲದಿದ್ದರೆ, ನಾರನ್ನು ಸಕ್ಕರೆಯಾಗಿಸಲು ಮುಂದೆ ಹಾಕುವ ಕಿಣ್ವ ಒಳಗೆ ಇಳಿಯುವುದಿಲ್ಲ. ಹೆಚ್ಚಾದರೆ ಸಕ್ಕರೆಯೇ ಕೆಟ್ಟು ಫರ್ಫ್ಯುರಾಲ್ ಹುಟ್ಟುತ್ತದೆ, ಅದು ಯೀಸ್ಟಿಗೆ ವಿಷ. ಕಿಣ್ವವೋ ದುಬಾರಿ. ಇಷ್ಟೆಲ್ಲ ಆದ ಮೇಲೂ ಹೆಮಿಸೆಲ್ಯುಲೋಸಿನಿಂದ ಬರುವ ಕ್ಸೈಲೋಸ್ ಎಂಬ ಸಕ್ಕರೆಯನ್ನು ನಾವು ಬಳಸುವ ಮಾಮೂಲಿ ಯೀಸ್ಟ್ ಮುಟ್ಟುವುದೇ ಇಲ್ಲ. ಅದಕ್ಕೆ ಸಾಮಾನ್ಯವಾಗಿ ವಂಶವಾಹಿ ಬದಲಿಸಿದ ಯೀಸ್ಟ್ ಬಳಸುತ್ತಾರೆ.

ಒಮ್ಮೆ ನಮ್ಮ ಗದ್ದೆಯ ಹುಲ್ಲನ್ನು ಪ್ರಯೋಗಾಲಯದ ಕುಲುಮೆಯಲ್ಲಿ ಸುಟ್ಟು ನೋಡಿದೆ. ಬೆರಳಲ್ಲಿ ಉಜ್ಜಿದರೆ ಬೂದಿ ಮರಳಿನ ಹಾಗೆ ಚರಚರ ಎನ್ನುತ್ತಿತ್ತು. ಅದು ಸಿಲಿಕಾ. ಭತ್ತದ ಹುಲ್ಲಿನಲ್ಲಿ ಬೂದಿಯ ಅಂಶ ಬಹಳ, ಅದರಲ್ಲಿ ಬಹುಪಾಲು ಇದೇ. ಜೊತೆಗೆ ಬೇಲರ್ ಕಟ್ಟಿದ ಪೆಂಡಿಯ ದಾರ ಕತ್ತರಿಸಿದರೆ ಗದ್ದೆಯ ಮಣ್ಣೂ ಸುರಿಯುತ್ತದೆ. ಕತ್ತರಿಸುವ ಬ್ಲೇಡು, ಪಂಪು, ಪೈಪು ಎಲ್ಲವನ್ನೂ ಇವೆರಡು ಸವೆಸುತ್ತವೆ.

ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ 900 ಕೋಟಿ ರೂಪಾಯಿಗೂ ಹೆಚ್ಚು ಖರ್ಚು ಮಾಡಿ ಕಟ್ಟಿದ ಘಟಕ 2022ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲು, 3 ಕೋಟಿ ಲೀಟರ್ ಎಥನಾಲ್ ಎಂಬುದು ಅದರ ಲೆಕ್ಕ. ಅಂದರೆ ಟನ್ನಿಗೆ 150 ಲೀಟರ್. ಕಾಕಂಬಿಯಲ್ಲಾದರೆ ಸುಮಾರು 225 ಲೀಟರ್ ಸಿಗುತ್ತದೆ, ಇಷ್ಟು ಹೆಣಗಾಟವಿಲ್ಲದೆ. ಅಮೆರಿಕದ ಅಯೋವಾದಲ್ಲಿ ಡುಪಾಂಟ್ ಕಂಪನಿ 2015ರಲ್ಲಿ ತೆರೆದ ಇಂಥದೇ ಭಾರೀ ಎಥನಾಲ್ ಘಟಕವನ್ನು 2017ರಲ್ಲೇ ಕೈಬಿಟ್ಟಿತು. ಅದನ್ನು ಕೊಂಡುಕೊಂಡ ಜರ್ಮನಿಯ ವರ್ಬಿಯೊ ಕಂಪನಿ ಅಲ್ಲಿ ಮೊದಲು ತಯಾರಿಸಿದ್ದು ಎಥನಾಲ್ ಅಲ್ಲ, ಮೆಕ್ಕೆಜೋಳದ ದಂಟಿನಿಂದ ಮೀಥೇನ್ ಅನಿಲ.

ಇನ್ನು ಹುಲ್ಲು ಕೂಡಿಸುವ ಮಾತು. ಎಕರೆಗೆ ಎರಡು ಟನ್ ಎಂದುಕೊಂಡರೂ 2 ಲಕ್ಷ ಟನ್ನಿಗೆ ಲಕ್ಷ ಎಕರೆ ಬೇಕು. ಕೊಯ್ಲಿನ ಕೆಲವೇ ವಾರಗಳಲ್ಲಿ ಅದನ್ನು ಎತ್ತಿ, ಮಳೆ ಬೆಂಕಿಗಳಿಂದ ಕಾಪಾಡಿ ವರ್ಷವಿಡೀ ಒದಗಿಸಬೇಕು. ಹರಿಯಾಣ, ಪಂಜಾಬಿನಲ್ಲಿ ಗೋಧಿ ಬಿತ್ತುವ ಅವಸರಕ್ಕೆ ಹುಲ್ಲು ಸುಡುತ್ತಾರೆ, ಅಲ್ಲಿ ಇದು ಒಪ್ಪುವ ಕೆಲಸ. ನಮ್ಮಲ್ಲಿ ಹುಲ್ಲು ದನದ ಮೇವು. ಕಾರ್ಖಾನೆ ಮೇವಿನ ಬಣವೆಗೆ ಕೈಹಾಕಿದರೆ, ಎರಡು ಎಮ್ಮೆ ಸಾಕಿ ಸಂಸಾರ ತೂಗಿಸುವ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ಅದಕ್ಕೆ ನನ್ನ ಒಪ್ಪಿಗೆಯಿಲ್ಲ.

ಹಾಗೆಂದು ನಮ್ಮ ಸೀಮೆಗೆ ಈ ತಂತ್ರಜ್ಞಾನ ಬೇಡವೆಂದಲ್ಲ. ಇಂಥ ಘಟಕಗಳಿಗೆ ನೆರವಾಗುವ ಕೇಂದ್ರದ ಜೀವನ್ ಯೋಜನೆಯ ಪಟ್ಟಿಯಲ್ಲಿ ಹರಿಹರದ ಹೆಸರೂ ಸೇರಿತ್ತು. ಚನ್ನಗಿರಿ ಕಡೆ ಅಡಿಕೆ ಸುಲಿದ ಸಿಪ್ಪೆ ರಸ್ತೆ ಬದಿಯಲ್ಲಿ ಗುಡ್ಡೆಗಟ್ಟಿ ಹೊಗೆಯಾಡುತ್ತದೆ. ಮೆಕ್ಕೆಜೋಳದ ದಿಂಡು ಒಕ್ಕಣೆಯ ಜಾಗದಲ್ಲೇ ರಾಶಿ ಬೀಳುತ್ತದೆ. ಎರಡೂ ನಾರಿನ ಪದಾರ್ಥ, ಎರಡೂ ಒಂದೆಡೆ ಸಿಗುತ್ತವೆ. ಇಲ್ಲಿ ಘಟಕ ಕಟ್ಟುವವರು ಅಡಿಗಲ್ಲು ಹಾಕುವ ಮೊದಲು ಈ ಸಿಪ್ಪೆ, ದಿಂಡುಗಳಿಗೆ ಹೋಬಳಿಗೊಂದು ಖರೀದಿ ಕೇಂದ್ರ ತೆರೆಯಲಿ, ಟನ್ನಿಗೆ ಎಷ್ಟು ಕೊಡುತ್ತೇವೆಂದು ಬರೆದು ಹಾಕಲಿ. ಮೇವಿನ ಹುಲ್ಲನ್ನು ದನಗಳಿಗೇ ಬಿಡಲಿ.