ಕೂಗು ಕೇಳಿದ ಮರಿಗಳು

ಟಿಟ್ಟಿಭದ ಮರಿ ಮೊಟ್ಟೆಯೊಡೆದ ದಿನವೇ ಓಡಾಡುತ್ತದೆ. ಆದರೆ ಓಡುವುದಕ್ಕಿಂತ ಚೆನ್ನಾಗಿ ಅದಕ್ಕೆ ಬರುವ ವಿದ್ಯೆ ಅಲುಗಾಡದೆ ಕೂರುವುದು. ತಾಯಿಯೋ ತಂದೆಯೋ ಕೂಗಿದ್ದೇ ತಡ, ಇದ್ದಲ್ಲೇ ಮಣ್ಣಿಗೆ ಹೊಟ್ಟೆ ಹಚ್ಚಿಬಿಡುತ್ತದೆ. ಬಂದದ್ದು ಗಿಡುಗವೋ ನಾಯಿಯೋ ಎಂದು ತಲೆಯೆತ್ತಿ ನೋಡುವುದಿಲ್ಲ. ದೊಡ್ಡವರ ಕೂಗು ನಿಲ್ಲುವವರೆಗೆ ಏಳುವುದೂ ಇಲ್ಲ.

2020ರ ಏಪ್ರಿಲ್‌ನಲ್ಲಿ ಸಾಗರ ತಾಲೂಕಿನ ನಮ್ಮೂರ ಒಣಗದ್ದೆಯಲ್ಲಿ ಒಂದು ಜೋಡಿ ಮರಿ ಮಾಡಿತ್ತು. ಲಾಕ್‌ಡೌನ್ ಬಂದು ನನಗೆ ಕಾಡಿನ ದಾರಿ ಮುಚ್ಚಿತ್ತು. ದಣಪೆಯ ಹತ್ತಿರ ಕೂತರೆ ಗದ್ದೆ ಕಾಣುತ್ತದೆ, ದುರ್ಬೀನು ಹಿಡಿದು ಅಲ್ಲೇ ಕೂರುತ್ತಿದ್ದೆ. ಎದುರಿಗೆ ಟಿಟ್ಟಿಭದ ಮರಿಗಳು, ಬೆನ್ನ ಹಿಂದೆ ಕೇರಿಯ ಮಕ್ಕಳು. ಬರಬರುತ್ತ ಟಿಪ್ಪಣಿ ಪುಸ್ತಕದಲ್ಲಿ ಕೇರಿಯ ಸುದ್ದಿಯೇ ಹೆಚ್ಚಾಯಿತು.

ಹಕ್ಕಿ ನೋಡುವವರಿಗೆ ಒಂದು ಅಭ್ಯಾಸವಿರುತ್ತದೆ. ಪ್ರಾಣಿ ಏನು ಮಾಡುತ್ತಿದೆ ಎನ್ನುವುದರ ಜೊತೆಗೆ ಏನನ್ನು ಮಾಡದೆ ಬಿಟ್ಟಿದೆ ಎಂಬುದನ್ನೂ ಬರೆದುಕೊಳ್ಳುತ್ತಾರೆ. ಮೇಯುವುದು ಬಿಟ್ಟು ಕಿವಿ ನಿಮಿರಿಸಿದ ಜಿಂಕೆ ಹುಲಿ ಕಾಣದಿದ್ದರೂ ಹುಲಿಯ ಸುದ್ದಿ ಹೇಳುತ್ತದೆ. ಮಕ್ಕಳನ್ನೂ ಹಾಗೇ ನೋಡಿದೆ. ಹೆದರಿಕೆ ಆಗುತ್ತದೆ ಎಂದು ಬಾಯಿಬಿಟ್ಟು ಹೇಳಿದವರು ಒಬ್ಬರೂ ಇಲ್ಲ. ಆ ಬೇಸಿಗೆ ಬ್ಯಾಣದ ಕವಳಿ ಮಟ್ಟಿಯಲ್ಲಿ ಹಣ್ಣು ಕಪ್ಪಾಗಿ ಉದುರಿದರೂ ಕೊಯ್ಯಲು ಯಾರೂ ಹೋಗಲಿಲ್ಲ, ಎಲ್ಲ ಪಿಕಳಾರಗಳ ಪಾಲಾಯಿತು. ಆರು ವರ್ಷದ ಒಬ್ಬಳು ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ಎರಡು ವರ್ಷವಾಗಿತ್ತು, ಮತ್ತೆ ಶುರುವಾಯಿತು. ಅವಳಣ್ಣ ಬಚ್ಚಲಿಗೆ ಒಬ್ಬನೇ ಹೋಗುವುದನ್ನು ಬಿಟ್ಟ. ಇವನ್ನೆಲ್ಲ ಮನೆಯವರು ಹಟ ಎಂದರು, ಮುದ್ದು ಹೆಚ್ಚಾಯಿತು ಎಂದರು. ಮಕ್ಕಳಿಗೆ ಏನು ತಿಳಿಯುತ್ತದೆ, ರಜೆ ಸಿಕ್ಕಿದೆ, ಮಜಾ ಮಾಡುತ್ತಿದ್ದಾರೆ ಎಂಬ ಮಾತು ಜಗಲಿ ಜಗಲಿಯಲ್ಲೂ ಇತ್ತು. ಮಜಾ ಮಾಡುವ ಮಕ್ಕಳ ಗದ್ದಲ ಎಷ್ಟು ದೂರಕ್ಕೆ ಕೇಳುತ್ತದೆಂಬುದು ನನಗೆ ಗೊತ್ತು. ಆ ತಿಂಗಳು ನಮ್ಮ ಕೇರಿಯಲ್ಲಿ ಮಡಿವಾಳ ಹಕ್ಕಿಯ ಹಾಡು ಮಧ್ಯಾಹ್ನವೂ ಸ್ಪಷ್ಟವಾಗಿ ಕೇಳುತ್ತಿತ್ತು.

ಕೂಗು ಮಾತ್ರ ನಿಂತಿರಲಿಲ್ಲ. ಆಗ ಯಾರಿಗೆ ಫೋನ್ ಹಚ್ಚಿದರೂ ಮೊದಲು ಕೇಳುತ್ತಿದ್ದದ್ದು ಕೆಮ್ಮು, ಆಮೇಲೆ ಎಚ್ಚರಿಕೆಯ ಮಾತು. ಟಿವಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೆಂಪು ಅಕ್ಷರ, ಸೈರನ್ನು. ಇದನ್ನು ಕೇಳುವಾಗಲೆಲ್ಲ ನನಗೆ ಕೆನಡಾದ ಒಂದು ಪ್ರಯೋಗ ನೆನಪಾಗುತ್ತಿತ್ತು. ಅಲ್ಲಿನ ಪಶ್ಚಿಮ ಕರಾವಳಿಯ ಗಲ್ಫ್ ದ್ವೀಪಗಳಲ್ಲಿ ಲಿಯಾನಾ ಜ್ಯಾನೆಟ್ ಮತ್ತು ಸಂಗಡಿಗರು ಸಾಂಗ್ ಸ್ಪ್ಯಾರೋ ಎಂಬ ಪುಟ್ಟ ಹಕ್ಕಿಯ ಗೂಡುಗಳ ಸುತ್ತ ವಿದ್ಯುತ್ ಬೇಲಿ ಹಾಕಿ, ಬಲೆ ಕಟ್ಟಿದರು. ಬೇಟೆಗಾರ ಪ್ರಾಣಿ ಒಳಗೆ ಬರುವ ಹಾಗಿರಲಿಲ್ಲ. ಆಮೇಲೆ ಕಾಡಿನ ಒಂದು ಭಾಗದಲ್ಲಿ ಧ್ವನಿವರ್ಧಕ ಇಟ್ಟು ಗಿಡುಗ, ರಕೂನ್ ಮೊದಲಾದ ಬೇಟೆಗಾರರ ಸದ್ದನ್ನು ಕೇಳಿಸಿದರು; ಇನ್ನೊಂದು ಭಾಗದಲ್ಲಿ ಅಪಾಯವಿಲ್ಲದ ಪ್ರಾಣಿಗಳ ಸದ್ದು. ಬೇಟೆಗಾರರ ಸದ್ದು ಕೇಳಿದ ಹಕ್ಕಿಗಳು ಮೊಟ್ಟೆ ಕಡಿಮೆ ಇಟ್ಟವು, ಮರಿಗಳಿಗೆ ಗುಟುಕು ಕಡಿಮೆ ಕೊಟ್ಟವು. ಆ ವರ್ಷ ಅವು ಬೆಳೆಸಿದ ಮರಿಗಳ ಸಂಖ್ಯೆ ಶೇ. 40ರಷ್ಟು ಇಳಿಯಿತು. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸಂಗತಿ ಇದು. ಒಂದು ಹಕ್ಕಿಯನ್ನೂ ಯಾರೂ ಮುಟ್ಟಿರಲಿಲ್ಲ.

ನಮ್ಮೂರಲ್ಲಿ ಆ ಏಪ್ರಿಲ್‌ನಲ್ಲಿ ಒಬ್ಬರಿಗೂ ಕೊರೊನಾ ಇರಲಿಲ್ಲ.

ಹಾಗಂತ ಮಲೆನಾಡಿನ ಮಕ್ಕಳಿಗೆ ರೋಗದ ಭಯ ಹೊಸದೇನಲ್ಲ. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಶುರುವಿನಲ್ಲಿ ನಮ್ಮದೇ ತಾಲೂಕಿನ ಅರಳಗೋಡಿನಲ್ಲಿ ಅದು ಜೀವಗಳನ್ನು ತೆಗೆದುಕೊಂಡಾಗ ಇದೇ ಮಕ್ಕಳು ಇದ್ದರು. ಆದರೆ ಆ ಭಯಕ್ಕೆ ಒಂದು ಜಾಗವಿತ್ತು. ಮಂಗ ಸತ್ತು ಬಿದ್ದ ಕಡೆ ಹೋಗಬಾರದು, ಉಣ್ಣೆ ಕಚ್ಚದ ಹಾಗೆ ಎಣ್ಣೆ ಹಚ್ಚಿಕೊಂಡೇ ಕಾನು ಹೊಗಬೇಕು, ಬಂದ ಮೇಲೆ ಬಿಸಿನೀರು ಹೊಯ್ದುಕೊಳ್ಳಬೇಕು. ಇಷ್ಟು ಮಾಡಿದವನು ಅಂಗಳದಲ್ಲಿ ನಿಶ್ಚಿಂತೆಯಿಂದ ಬುಗುರಿ ಆಡಬಹುದು. ಜಿಂಕೆಯೂ ಹೀಗೇ ಬದುಕುತ್ತದೆ. ಯಾವ ಹೊಂಡದಲ್ಲಿ ಯಾವ ಹೊತ್ತಿಗೆ ನೀರು ಕುಡಿದರೆ ಅಪಾಯ ಎಂಬ ನಕ್ಷೆ ಅದರ ತಲೆಯಲ್ಲಿದೆ, ನಕ್ಷೆಯ ಆಚೆ ಅದು ನೆಮ್ಮದಿಯಾಗಿ ಮೇಯುತ್ತದೆ. ಕೊರೊನಾ ಈ ನಕ್ಷೆಯನ್ನು ಅಳಿಸಿತು. ಕಾಡು ಸುರಕ್ಷಿತ, ಅಪಾಯ ಇರುವುದು ಮನುಷ್ಯರಲ್ಲಿ, ಅದರಲ್ಲೂ ಹತ್ತಿರದವರಲ್ಲಿ.

ಮೇ ತಿಂಗಳಲ್ಲಿ ಬೆಂಗಳೂರಿನಿಂದ ಮಕ್ಕಳು ಮೊಮ್ಮಕ್ಕಳು ಬಂದಿಳಿದರು. ಕೈಗೆ ಸೀಲು, ಬಾಗಿಲಿಗೆ ಕ್ವಾರಂಟೈನ್ ಚೀಟಿ. ಅಂಥ ಒಂದು ಮನೆಯ ಎಂಟು ವರ್ಷದ ಹುಡುಗಿ ಕಿಟಕಿಯಿಂದ ನಮ್ಮ ಕಡೆ ಕೈ ಬೀಸುತ್ತಿದ್ದಳು. ಹದಿನಾಲ್ಕು ದಿನ ಮುಗಿದ ಮೇಲೂ ಅವಳು ಅಜ್ಜಿಯ ಹತ್ತಿರ ಹೋಗಲಿಲ್ಲ. ಅಜ್ಜಿ ತೊಡೆ ತಟ್ಟಿ ಕರೆದರೂ ಜಗಲಿಯ ಆ ಕಂಬಕ್ಕೆ ಒರಗಿ ನಿಲ್ಲುತ್ತಿದ್ದಳು. ಕಾರಣ ತಿಳಿದದ್ದು ಅವಳಮ್ಮನಿಂದ. ಬರುವ ದಾರಿಯಲ್ಲಿ ಕಾರಿನಲ್ಲಿ ಹೇಳಿದ್ದರಂತೆ: "ಅಜ್ಜಿ ಹತ್ರ ಹೋಗ್ಬೇಡ ಪುಟ್ಟಿ, ನಿನ್ನಿಂದ ಅವ್ರಿಗೆ ಬಂದ್ಬಿಡತ್ತೆ." ದೇಶದಲ್ಲಿ ಈ ರೋಗದಿಂದ ಮೊದಲು ಸತ್ತವರು ಕಲಬುರಗಿಯ 76 ವರ್ಷದ ಹಿರಿಯರು. ಅಜ್ಜಿಯದೂ ಹೆಚ್ಚುಕಡಿಮೆ ಅದೇ ವಯಸ್ಸು ಎಂದು ಆ ಮಗು ಲೆಕ್ಕ ಹಾಕಿ ಇಟ್ಟುಕೊಂಡಿತ್ತು.

ನನ್ನ ಟಿಪ್ಪಣಿಗಳಲ್ಲಿ ಮುಖ್ಯವಾದದ್ದು ಇದೇ ಎಂದು ಈಗಲೂ ಅನ್ನಿಸುತ್ತದೆ. ಟಿಟ್ಟಿಭ ತನ್ನ ಮರಿಗೆ ಗಿಡುಗ ಬಂತು ಎನ್ನುತ್ತದೆ. ನೀನೇ ಗಿಡುಗ ಎಂದು ಯಾವ ಹಕ್ಕಿಯೂ ಮರಿಗೆ ಹೇಳುವುದಿಲ್ಲ. ನಾವು ಹೇಳಿದೆವು. ರಾಜ್ಯದ ಆರೋಗ್ಯ ಇಲಾಖೆಯ ಸಂಜೆಯ ಪ್ರಕಟಣೆಯಲ್ಲಿ ಪ್ರತಿ ರೋಗಿಗೂ ಒಂದು ಪಿ-ಸಂಖ್ಯೆ, ಪಕ್ಕದಲ್ಲೇ ಆತ ಯಾವ ಪಿ-ಸಂಖ್ಯೆಯವರ ಸಂಪರ್ಕ ಎಂಬ ವಿವರ ಇರುತ್ತಿತ್ತು. ರೋಗದ ಜಾಡು ಹಿಡಿಯುವವರಿಗೆ ಅದು ಬೇಕು. ಆದರೆ ಟಿವಿ ಮುಂದೆ ಕೂತ ಮಗು ಅದರಲ್ಲಿ ಓದಿಕೊಂಡದ್ದು ಬೇರೆ: ಯಾರಿಗೆ ಬಂದರೂ ಕೊಟ್ಟವರೊಬ್ಬರು ಇದ್ದೇ ಇರುತ್ತಾರೆ. ಪ್ರಾಣಿಗೆ ಅಪಾಯ ಕಂಡಾಗ ಓಡುವ ದಾರಿ, ಅಡಗುವ ದಾರಿ, ತಾಯಿಯ ರೆಕ್ಕೆಯ ಕೆಳಗೆ ಹೋಗುವ ದಾರಿ ಇರುತ್ತದೆ. ಅಪಾಯ ತಾನೇ ಆದರೆ ಓಡುವುದೆಲ್ಲಿಗೆ? ರೆಕ್ಕೆಯ ಕೆಳಗಂತೂ ಹೋಗುವ ಹಾಗೇ ಇಲ್ಲ.

ಸಣ್ಣವರು ಇದಕ್ಕೊಂದು ಉಪಾಯ ಕಂಡುಕೊಂಡರು. ಮಳೆಗಾಲ ಹಿಡಿಯುವ ಮುಂಚೆ ಅಡಿಕೆ ಅಂಗಳದಲ್ಲಿ ಮುಟ್ಟಾಟ ಮತ್ತೆ ಶುರುವಾಯಿತು, ಹೊಸ ಹೆಸರಿನಲ್ಲಿ. ಅಟ್ಟಿಸಿಕೊಂಡು ಬರುವವನು ಕೊರೊನಾ. ಮುಟ್ಟಿಸಿಕೊಂಡವರು ಕೊಟ್ಟಿಗೆಯ ಮೂಲೆಗೆ, ಕ್ವಾರಂಟೈನ್‌ಗೆ. ಇಂಥದೇ ಆಟವನ್ನು ಮಕ್ಕಳು ಬೇರೆ ದೇಶಗಳಲ್ಲೂ ಆಡುತ್ತಿದ್ದಾರೆಂದು ಆಮೇಲೆ ಓದಿದೆ. ದೊಡ್ಡವರು ಬೈದು ಬಿಡಿಸಲು ನೋಡಿದರು, ಅಪಶಕುನ ಎಂದರು. ನನಗಂತೂ ಕಿರುಚಾಟ ಕೇಳಿ ಜೀವ ಬಂದ ಹಾಗಾಯಿತು. ಹಸಿದ, ಹೆದರಿದ ಪ್ರಾಣಿಯ ಮರಿ ಆಡುವುದಿಲ್ಲ. ಆಡುತ್ತಿದೆ ಎಂದರೆ ಭಯ ಸ್ವಲ್ಪ ಸಡಿಲವಾಗಿದೆ ಎಂದು ಲೆಕ್ಕ. ಕಂಬಕ್ಕೆ ಒರಗಿ ನಿಲ್ಲುತ್ತಿದ್ದ ಬೆಂಗಳೂರಿನ ಹುಡುಗಿ ಮೂರನೆಯ ದಿನ ಆಟಕ್ಕೆ ಸೇರಿದಳು. ಕೊರೊನಾ ಆಗುವ ಸರದಿ ಬಂದಾಗ ಅವಳಷ್ಟು ಜೋರಾಗಿ ಓಡಿದವರಿಲ್ಲ.

ಹದಿನೈದು ದಾಟಿದವರಿಗೆ ಆಡಲು ಆಟವಿರಲಿಲ್ಲ. ಅವರು ಸಿಗುತ್ತಿದ್ದದ್ದು ಬ್ಯಾಣದ ನೆತ್ತಿಯಲ್ಲಿ, ನೆಟ್‌ವರ್ಕ್ ಹುಡುಕಿಕೊಂಡು ಬಂದಾಗ. ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತುವುದು ಮಲೆನಾಡು ಕರಾವಳಿಯಲ್ಲೆಲ್ಲ ನಡೆದದ್ದೇ. ಮುಂದಿನ ವರ್ಷ ಸುಳ್ಯದ ಕಡೆ ಮಳೆಯಲ್ಲಿ ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ಎಲ್ಲರೂ ನೋಡಿದ್ದಾರೆ. ನಾನು ಕಾಜಾಣ ನೋಡಲು ಹೋದರೆ ಬಂಡೆಯ ಮೇಲೆ ಹತ್ತನೇ ತರಗತಿಯ ಒಬ್ಬಳು ಕೂತಿರುತ್ತಿದ್ದಳು. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಗಿತ್ತು. ಹೆಬ್ಬೆರಳ ಉಗುರು ಕಚ್ಚಿ ಕಚ್ಚಿ ರಕ್ತ ಬಂದಿರುತ್ತಿತ್ತು. ಕಂಡಾಗಲೆಲ್ಲ ಒಂದೇ ಪ್ರಶ್ನೆ: "ಮಾವ, ಪರೀಕ್ಷೆ ಮಾಡ್ತಾರಾ, ಇಲ್ವಾ?" ಮಾಡುತ್ತಾರಂತೆ ಎಂದರೆ ಮುಖ ಸಡಿಲವಾಗುವುದು. ನಾನು ಬಂಡೆಯ ಆಚೆ ಬದಿಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಉತ್ತರದಿಂದ ಸಿಗುವ ನೆಮ್ಮದಿ ಅಷ್ಟೇ ಹೊತ್ತಿನದು. ಆತಂಕದ ಮನಸ್ಸು ಕೇಳುವುದು ಉತ್ತರಕ್ಕಾಗಿ ಅಲ್ಲ ಎಂದು ಮನೋವೈದ್ಯರು ಹೇಳುವುದನ್ನು ಬಂಡೆಯ ಮೇಲೆ ಕಣ್ಣಾರೆ ಕಂಡೆ. ರಾತ್ರಿ ಎರಡರ ತನಕ ನಿದ್ದೆ ಇಲ್ಲ, ಬೆಳಿಗ್ಗೆ ಹತ್ತಕ್ಕೆ ಏಳುವುದು. ಮನೆಯಲ್ಲಿ ಅದಕ್ಕೆ ಸೋಮಾರಿತನ ಎಂಬ ಬೈಗುಳ. ಜೂನ್ 25ಕ್ಕೆ ಪರೀಕ್ಷೆ ಶುರುವಾಯಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಸ್ಕ್ ಹಾಕಿಕೊಂಡು ಬರೆದರು, ಇವಳೂ ಬರೆದಳು. ಉಗುರು ಕಚ್ಚುವುದು ನಿಲ್ಲಲಿಲ್ಲ.

ಊರೂರಿನ ಲೆಕ್ಕ ಆಮೇಲೆ ಬಂತು. ಬೇರೆ ಬೇರೆ ದೇಶಗಳ 29 ಅಧ್ಯಯನಗಳ, 80,879 ಮಕ್ಕಳು ಹದಿಹರೆಯದವರ ಮಾಹಿತಿಯನ್ನು ಒಟ್ಟುಮಾಡಿ 2021ರಲ್ಲಿ 'ಜಾಮಾ ಪೀಡಿಯಾಟ್ರಿಕ್ಸ್'ನಲ್ಲಿ ಪ್ರಕಟಿಸಿದರು. ಐವರಲ್ಲಿ ಒಬ್ಬರಿಗೆ ಚಿಕಿತ್ಸೆಯ ಗಮನ ಬೇಕಾಗುವಷ್ಟು ಆತಂಕ, ಹೆಚ್ಚುಕಡಿಮೆ ಹಿಂದಿನ ದುಪ್ಪಟ್ಟು. ಹುಡುಗಿಯರಲ್ಲಿ ಹೆಚ್ಚು. ತಿಂಗಳು ಕಳೆದಂತೆ ಅದು ಇಳಿಯುವ ಬದಲು ಏರಿತ್ತು.

2021ರ ಮೇ ಬಗ್ಗೆ ಬರೆದದ್ದು ಕಡಿಮೆ. ಊರಿಗೂ ರೋಗ ಬಂತು, ಸಾವೂ ಬಂತು. ಆಶಾ ಕಾರ್ಯಕರ್ತೆ ತಂದ ಆಕ್ಸಿಮೀಟರನ್ನು ಹನ್ನೆರಡರ ಹುಡುಗನೊಬ್ಬ ಅಪ್ಪನ ಬೆರಳಿಗೆ ಹಾಕಿ, ತನ್ನ ಬೆರಳಿಗೆ ಹಾಕಿ, ಮತ್ತೆ ಅಪ್ಪನ ಬೆರಳಿಗೆ ಹಾಕುತ್ತಿದ್ದ. ಅಪ್ಪ ಗುಣವಾದ ಮೇಲೂ ಹಾಕುತ್ತಿದ್ದ.

ಅಕ್ಟೋಬರ್ 25ಕ್ಕೆ ಒಂದರಿಂದ ಐದನೇ ತರಗತಿಯವರಿಗೆ ಶಾಲೆ ತೆರೆಯಿತು. ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಕಮ್ಯುನಿಸ್ಟ್ ಗಿಡ ಆಳೆತ್ತರ ಬೆಳೆದಿತ್ತು, ಕಿಟಕಿಯ ಸರಳಲ್ಲಿ ಪಿಕಳಾರದ ಹಳೆಯ ಗೂಡು. ಆಗ ಗೊತ್ತಾದದ್ದು ಇನ್ನೊಬ್ಬ ಹುಡುಗನ ಸಂಗತಿ. ಮಾತಾಡುವಾಗ ತೊದಲುತ್ತಾನೆ. ಲಾಕ್‌ಡೌನ್ ಉದ್ದಕ್ಕೂ ಅವನಷ್ಟು ಸುಖವಾಗಿದ್ದವರಿಲ್ಲ. ದನ ಕಟ್ಟಿದ, ಏಡಿ ಹಿಡಿದ, ಅಜ್ಜನ ಹತ್ತಿರ ತೊದಲದೆ ಹರಟಿದ. ಹಿಂದಿನ ವರ್ಷ ವಿದ್ಯಾಗಮ ಎಂದು ಮೇಷ್ಟ್ರು ಅರಳಿಕಟ್ಟೆಗೇ ಬಂದು ಪಾಠ ಮಾಡಿದಾಗ ಮಾತ್ರ ಕಟ್ಟೆಯ ಹಿಂದೆ ಕೂರುತ್ತಿದ್ದ. ಶಾಲೆ ತೆರೆದ ದಿನದಿಂದ ಎಂಟೂವರೆಗೆ ಹೊಟ್ಟೆನೋವು. ಹತ್ತೂವರೆಗೆ ಮಾಯ. ಭಾನುವಾರ ಇಲ್ಲವೇ ಇಲ್ಲ. ಸಾಗರದ ಡಾಕ್ಟರಿಗೆ ಏನೂ ಸಿಗಲಿಲ್ಲ. ಸುಳ್ಳು ಎಂದು ಅವನಪ್ಪ ಬೆತ್ತ ತೆಗೆದುಕೊಂಡ. ಸುಳ್ಳಲ್ಲ. ಹೆದರಿದ ದೇಹ ರಕ್ತವನ್ನು ಕೈಕಾಲಿಗೆ ಕಳಿಸುತ್ತದೆ, ಹೊಟ್ಟೆಯ ಕೆಲಸ ಏರುಪೇರಾಗುತ್ತದೆ, ನೋವು ನಿಜವಾಗಿಯೇ ಬರುತ್ತದೆ. ಮನೆಯಲ್ಲೇ ಉಳಿಸಿಕೊಂಡರೆ ನೋವು ಇಳಿಯುತ್ತದೆ ಎಂಬುದೂ ನಿಜ. ಹಾಗೆ ಇಳಿದದ್ದೇ ಮರುದಿನದ ಭಯಕ್ಕೆ ಗೊಬ್ಬರ.

ಬೆತ್ತವನ್ನು ಅಟ್ಟಕ್ಕೆ ಎಸೆದು ಅಜ್ಜ ಹೊರಟರು. ಮೊದಲ ದಿನ ಹಳ್ಳದ ಸಂಕದವರೆಗೆ ಹೋಗಿ ಇಬ್ಬರೂ ವಾಪಸ್ಸು. ಆಮೇಲೆ ಶಾಲೆಯ ಗೇಟು. ಆಮೇಲೆ ಜಗಲಿ. ಅಕ್ಕೋರು ಜಾಣೆ, ಓದಿಸುವ ಗೋಜಿಗೆ ಹೋಗದೆ ಗಿಡ ಸವರುವ ಮಕ್ಕಳ ಜೊತೆ ಸೇರಿಸಿದರು, ಬಾಯಿ ಬೇಡದ ಕೆಲಸ. ದೀಪಾವಳಿ ಹೊತ್ತಿಗೆ ಹೊಟ್ಟೆನೋವು ಹೋಗಿತ್ತು. ಹಬ್ಬದ ರಜೆ ಮುಗಿದ ಬೆಳಿಗ್ಗೆ ಮತ್ತೆ ಬಂತು. ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು, "ಬಾ, ಸಂಕದ ತನಕ ಹೋಗಿ ಬರೋಣ" ಎಂದರು.