ಸಮೋನ್ನತರೇಖೆಯೂ ಖಾತವ್ಯವಹಾರವೂ

ಸಿರುಗುಪ್ಪೆಗೆ ಸಮೀಪದ ದೇಶನೂರು ತುಂಗಭದ್ರೆಯ ನೀರನ್ನು ನಂಬಿದ ಗ್ರಾಮ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಇದರ ಹೆಸರಿನದೂ ಒಂದುಂಟು. ಹೊಸಪೇಟೆಯ ಬಳಿ ಮಲ್ಲಾಪುರದಲ್ಲಿ ಗುಡ್ಡಗಳ ನಡುವೆ ಕಟ್ಟಿದ ಅಣೆಕಟ್ಟು 1953ರಲ್ಲಿ ಸಿದ್ಧವಾದಂದಿನಿಂದ ಈ ಕಾಲುವೆಗಳ ಭಾಗ್ಯವು ಜಲಾಶಯದ ಗರ್ಭದಲ್ಲಿ ಎಷ್ಟು ನೀರು ಹಿಡಿಯುವುದೆಂಬ ಲೆಕ್ಕಕ್ಕೆ ಅಧೀನವಾಯಿತು. ಆ ಲೆಕ್ಕಕ್ಕೆ ಭೂರೂಪಪಟವೇ ಆಧಾರ.

ಭಾರತೀಯ ಸರ್ವೇಕ್ಷಣ ಇಲಾಖೆಯ 57ಎ ಎಂಬ ಹಾಳೆಯಲ್ಲಿ ಕಟ್ಟೆಯೂ ದೇಶನೂರೂ ಒಟ್ಟಿಗೆ ಅಡಕವಾಗಿವೆ. ಇಂತಹ ಪಟಗಳಲ್ಲಿ ನೀರು ನೀಲಿ, ಅರಣ್ಯ ಹಸುರು, ಎತ್ತರದ ಗೆರೆಗಳು ಕಂದು. ಸಮುದ್ರಮಟ್ಟದಿಂದ ಸಮಾನವಾದ ಎತ್ತರವುಳ್ಳ ಬಿಂದುಗಳನ್ನು ಕೂಡಿಸುವ ಈ ಕಂದುಗೆರೆಯೇ ಸಮೋನ್ನತರೇಖೆ. ಇದಕ್ಕೆ ಜಲಾಶಯಕ್ಕಿಂತ ಉತ್ತಮವಾದ ದೃಷ್ಟಾಂತವಿಲ್ಲ. ತುಂಬಿದ ನೀರಿನ ಅಂಚೇ 1633 ಅಡಿಯ ರೇಖೆ. ಬೇಸಗೆಯಲ್ಲಿ ನೀರಿಳಿದಂತೆ ದಡದಲ್ಲಿ ಉಳಿಯುವ ಗುರುತುಗಳು ಅದರ ಕೆಳಗಿನ ರೇಖೆಗಳು. ರೇಖೆಗಳು ಒತ್ತಾಗಿದ್ದರೆ ನೆಲ ಕಡಿದು, ವಿರಳವಾಗಿದ್ದರೆ ಬಯಲು. ಸುತ್ತಲ ಕಾಡಿನಲ್ಲಿ ಕೆಲಸ ಕಷ್ಟವಾದುದು: ಆಕಾಶದಿಂದ ತೆಗೆದ ಛಾಯಾಚಿತ್ರಕ್ಕೆ ಮರಗಳ ತಲೆ ಕಾಣುವುದಲ್ಲದೆ ನೆಲ ಕಾಣದು.

ಇನ್ನು ರೇಖೆಗಳಿಂದ ಘನಫಲವನ್ನು ತರುವ ಬಗೆ. ಒಂದರ ಕೆಳಗೊಂದಿರುವ ಎರಡು ರೇಖೆಗಳೊಳಗಣ ಕ್ಷೇತ್ರಫಲಗಳನ್ನು ಕೂಡಿ, ಅರ್ಧಿಸಿ, ನಡುವಣ ಎತ್ತರದಿಂದ ಗುಣಿಸುವುದುಂಟು. ಇದು ನವೀನವೆಂದು ತೋರಬಹುದು. ಆದರೆ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದ ಖಾತವ್ಯವಹಾರದಲ್ಲಿ ಇದನ್ನೇ ಔಂಡ್ರಫಲವೆಂದಿರುವನು. ಮೇಲ್ಬಾಯಿ 4 ಮೊಳ, ತಳ 2 ಮೊಳ ಚೌಕವಾಗಿಯೂ ಆಳ 3 ಮೊಳವಾಗಿಯೂ ಇರುವ ಗುಂಡಿಗೆ ಔಂಡ್ರಫಲ 30. ಭುಜಗಳ ಸರಾಸರಿಯನ್ನು ವರ್ಗಿಸಿ ಆಳದಿಂದ ಗುಣಿಸಿದರೆ ಕರ್ಮಾಂತಿಕಫಲ 27. ಎರಡರ ಅಂತರದ ಮೂರನೆಯ ಒಂದು ಪಾಲನ್ನು ಕರ್ಮಾಂತಿಕಕ್ಕೆ ಕೂಡಿದರೆ 28, ಇದೇ ಸೂಕ್ಷ್ಮಫಲ. ಇಂತಹ ಇಳಿಜಾರು ಗುಂಡಿಯಲ್ಲಿ ಔಂಡ್ರವು ಯಾವಾಗಲೂ ಹೆಚ್ಚು ತೋರಿಸುತ್ತದೆ. ರೇಖೆಗಳನ್ನು ಹತ್ತಿರ ಹತ್ತಿರ ಎಳೆದಷ್ಟೂ ಆ ದೋಷ ಕ್ಷೀಣಿಸುವುದು. ನಮ್ಮ ಪಾಠಶಾಲೆಗಳಲ್ಲಿ ಈ ಪ್ರಕರಣವನ್ನು ಬಾವಿ ತೋಡುವ ಕೂಲಿಯ ಲೆಕ್ಕವೆಂದು ದಾಟಿಸಿಬಿಡುವುದು ವಿಷಾದಕರ.

ತುಂಗಭದ್ರಾ ಜಲಾಶಯದ ಧಾರಣಶಕ್ತಿ ಮೊದಲಲ್ಲಿ 133 ಟಿ.ಎಂ.ಸಿ. ಎಂದು ಗಣಿತವಾಗಿತ್ತು, 2016ರ ಸರ್ವೇಕ್ಷಣದಂತೆ ಅದು 105.788. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಗಣಿತವಲ್ಲ, ಹೂಳು. 1633 ಅಡಿಯ ರೇಖೆ ಅಲ್ಲಿಯೇ ಇದೆ. ತಳದ ಕಡೆಯ ರೇಖೆಗಳು ಹೂಳಿನಿಂದ ಒಳಸರಿದಿವೆ. ಆದುದರಿಂದ ದಡದಲ್ಲಿ ನಿಂತವನಿಗೆ ತುಂಬಿದ ಜಲಾಶಯವು ಅಂದಿನಂತೆಯೇ ಕಾಣುವುದು. ಕೊರತೆಯು ಮೊದಲು ತಿಳಿಯುವುದು ಕಾಲುವೆಯ ಕೊನೆಯ ಗದ್ದೆಯಲ್ಲಿ.