ದುಡಿಯುವ ಗಂಟು, ಕೂತುಣ್ಣುವ ಗಂಟು

ಮಳೆ ಬಿಟ್ಟ ಮರುದಿನ ಕಲಬುರಗಿ ಸೀಮೆಯ ಎರೆಹೊಲ ಯಾರನ್ನೂ ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೆಜ್ಜೆಗೊಮ್ಮೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಕೃಷಿ ವಿಶ್ವವಿದ್ಯಾಲಯದಿಂದ ಬಂದ ಸಂಶೋಧನಾ ವಿದ್ಯಾರ್ಥಿನಿ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ತೊಗರಿ ಸಾಲಿಗೆ ಇಳಿದಿದ್ದಾಳೆ. ಆಗಸ್ಟ್ ತಿಂಗಳು. ನಡುಸಾಲಿನ ಹೆಸರುಕಾಯಿ ಕಪ್ಪಾಗುತ್ತಿದೆ, ತೊಗರಿಗೆ ಇನ್ನೂ ಏಳೆಂಟು ವಾರದ ಪ್ರಾಯ. ಯೂರಿಯಾ ಬೀಳದ ಮೂಲೆಯಲ್ಲೂ ಕಡುಹಸಿರಾಗಿ ನಿಂತ ಗಿಡ ಆಕೆಗೆ ಬೇಕು. ಸಾರಜನಕ ಗೊಬ್ಬರ ಪುಕ್ಕಟೆ ಸಿಕ್ಕ ಗಿಡ ಬೇರುಗಂಟು ಕಟ್ಟುವ ಗೋಜಿಗೆ ಹೋಗುವುದೇ ಕಡಿಮೆ.

ಕೈಯಿಂದ ಎಳೆದರೆ ಬೇರು ಹರಿದು ಗಂಟುಗಳೆಲ್ಲ ಮಣ್ಣಲ್ಲೇ ಉಳಿಯುತ್ತವೆ. ಬುಡದಿಂದ ಗೇಣು ದೂರಕ್ಕೆ ಸಲಿಕೆ ಹಾಕಿ, ಹೆಂಟೆಯ ಸಮೇತ ಗಿಡವನ್ನೆತ್ತಿ ಬಕೆಟ್ ನೀರಿನಲ್ಲಿ ಇಳಿಬಿಡುತ್ತಾಳೆ. ಎರೆಮಣ್ಣಿಗೆ ಅವಸರವಿಲ್ಲ. ನೀರು ಕರ್ರಗಾಗಿ, ಹೆಂಟೆ ಪದರಪದರವಾಗಿ ಕಳಚಿ, ಕೊನೆಗೆ ಎಳೆಬೇರುಗಳು ತೇಲುತ್ತವೆ. ಅವುಗಳಿಗಂಟಿ ಅಲ್ಲೊಂದು ಇಲ್ಲೊಂದು ಸಣ್ಣ ಗಂಟು.

ಬದುವಿನ ಮೇಲೆ ಕುಂತ ಹೊಲದ ಹಿರಿಯರು ಬಗ್ಗಿ ನೋಡುತ್ತಾರೆ. “ಯವ್ವಾ, ಬೇರಿಗಿ ಗಂಟುರೋಗ ಹತ್ಯಾದೇನು?”

“ರೋಗ ಅಲ್ರೀ ಮುತ್ಯಾ. ಗಿಡಕ್ಕ ಗೊಬ್ಬರ ಮಾಡಿಕೊಡೋ ಗಂಟಿವು.”

ಮುತ್ಯಾನ ಅನುಮಾನ ಹುರುಳಿಲ್ಲದ್ದಲ್ಲ. ಜಂತುಹುಳು ಹೊಕ್ಕ ಬೇರೂ ಗಂಟುಗಂಟಾಗುತ್ತದೆ. ಆದರೆ ಅಲ್ಲಿ ಊದಿಕೊಂಡದ್ದು ಬೇರೇ, ಉಜ್ಜಿದರೆ ಬಿಡಿಸಿಕೊಳ್ಳುವುದಿಲ್ಲ. ರೈಜೋಬಿಯಂ ಜಾತಿಯ ಅಣುಜೀವಿಗಳ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳು ತಾಗಿದರೆ ಉದುರುತ್ತದೆ. ಹುಡುಗಿ ಬ್ಲೇಡಿನಿಂದ ಒಂದನ್ನು ಸೀಳುತ್ತಾಳೆ. ಒಳಗೆ ರಕ್ತದಂಥ ಕೆಂಪು. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಬಣ್ಣದ ದಾಯಾದಿ. ಗಾಳಿಯ ಸಾರಜನಕವನ್ನು ಹಿಡಿಯುವ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಆದರೆ ಅಣುಜೀವಿಗೆ ಉಸಿರಾಡಲು ಆಮ್ಲಜನಕವೇ ಬೇಕು. ಈ ಇಕ್ಕಟ್ಟಿನಲ್ಲಿ ಆಮ್ಲಜನಕವನ್ನು ಅಳೆದು ಸುರಿಯುವ ಕೆಲಸ ಆ ಕೆಂಪು ಬಣ್ಣದ್ದು. ಪಕ್ಕದ ಗಿಡದಲ್ಲಿ ಗಂಟುಗಳು ಇದರ ಎರಡರಷ್ಟಿವೆ, ಸೀಳಿದರೆ ಒಳಗೆಲ್ಲ ಬಿಳಿಚು. ಗಿಡದ ಸಕ್ಕರೆ ತಿಂದು ಏನೂ ಕೊಡದ ಗಿರಾಕಿಗಳು. ಎಣಿಕೆ ನೋಡಿ ಮರುಳಾಗುವವರ ಕೆಲಸವಲ್ಲ ಇದು.

ಸೀಳಿದ್ದು ಬಣ್ಣ ನೋಡಲಿಕ್ಕಷ್ಟೇ. ಅದೇ ಬೇರಿನ ಇಡೀ ಗಂಟುಗಳು ತೇವ ಹೀರುವ ಹರಳಿದ್ದ ಸೀಸೆ ಸೇರಿ ಪ್ರಯೋಗಾಲಯ ತಲುಪುತ್ತವೆ. ಅಲ್ಲಿ ಕ್ಷಣಕಾಲ ಆಲ್ಕೋಹಾಲಿನ ಸ್ನಾನ, ಆಮೇಲೆ ಬ್ಲೀಚಿಂಗ್ ದ್ರಾವಣ, ಮತ್ತೆ ಮತ್ತೆ ಶುದ್ಧನೀರು. ಹೊರಮೈಯ ಹಾದಿಹೋಕ ಸೂಕ್ಷ್ಮಜೀವಿಗಳೆಲ್ಲ ಸತ್ತ ಮೇಲೆ ಗಂಟನ್ನು ಜಜ್ಜಿ, ರಸವನ್ನು ಯೀಸ್ಟ್–ಮ್ಯಾನಿಟಾಲ್ ಅಗರ್ ತಟ್ಟೆಯ ಮೇಲೆ ಗೀರುತ್ತಾರೆ. ಅಗರ್‌ಗೆ ಕಾಂಗೋ ರೆಡ್ ಬಣ್ಣ ಬೆರೆಸಿರುತ್ತದೆ. ಮಿಕ್ಕ ಅನೇಕ ಬ್ಯಾಕ್ಟೀರಿಯಾಗಳು ಬಣ್ಣ ಹೀರಿ ಕೆಂಪಾದರೆ, ಇವು ಸಾಮಾನ್ಯವಾಗಿ ಬೆಳ್ಳಗೆ, ಲೋಳೆಲೋಳೆಯಾಗಿ ನಿಲ್ಲುತ್ತವೆ. ತೊಗರಿಯಲ್ಲಿ ಹೆಚ್ಚಾಗಿ ಸಿಗುವುದು ನಿಧಾನಸ್ಥರ ಪೈಕಿ ಬ್ರಾಡಿರೈಜೋಬಿಯಂ. ತಟ್ಟೆಯಲ್ಲಿ ಮುಖ ತೋರಿಸಲು ಐದಾರು ದಿನ ಬೇಕು. ಸೂಕ್ಷ್ಮಜೀವಿ ವಿಜ್ಞಾನಿ ಬೇಯೆರಿಂಕ್ 1888ರಲ್ಲಿ ಗಂಟಿನೊಳಗಿನ ಜೀವಿಯನ್ನು ಮೊದಲ ಬಾರಿ ಬೇರ್ಪಡಿಸಿ ಬೆಳೆಸಿದಾಗಿನಿಂದ ಈ ಕ್ರಮದ ಹೂರಣ ಅಷ್ಟೇನೂ ಬದಲಾಗಿಲ್ಲ.

ನಿಜವಾದ ಪರೀಕ್ಷೆ ಗಾಜುಮನೆಯಲ್ಲಿ. 1943ರಲ್ಲಿ ಸಂಶೋಧಕ ಲೆನಾರ್ಡ್ ವಿವರಿಸಿದ ಜಾಡಿ ಇಂದಿಗೂ ಬಳಕೆಯಲ್ಲಿದೆ: ಮೇಲೆ ಕ್ರಿಮಿಶುದ್ಧ ಮರಳು, ಕೆಳಗೆ ಸಾರಜನಕವೊಂದನ್ನು ಬಿಟ್ಟು ಮಿಕ್ಕೆಲ್ಲ ಪೋಷಕಾಂಶಗಳ ನೀರು, ನಡುವೆ ನೀರೆತ್ತುವ ಬತ್ತಿ. ಸಾಲು ಜಾಡಿಗಳಲ್ಲಿ ತೊಗರಿ ಸಸಿ, ಒಂದೊಂದಕ್ಕೆ ಒಂದೊಂದು ಊರಿನ ಅಣುಜೀವಿ. ಒಂದು ಜಾಡಿಗೆ ಏನೂ ಇಲ್ಲ. ಅದರ ಸಸಿ ಹಳದಿಗೆ ತಿರುಗಿ ಕುಗ್ಗುತ್ತದೆ. ಇನ್ನೊಂದಕ್ಕೆ ನೈಟ್ರೇಟ್ ಗೊಬ್ಬರವನ್ನೇ ಕೊಡುತ್ತಾರೆ. ಆ ಬಡವ, ಈ ಸಾಹುಕಾರ ಇಬ್ಬರ ನಡುವೆ ಉಳಿದವರ ಜಾಗ ಯಾವುದೆಂದು ಸಸಿ ಒಣಗಿಸಿ ತೂಗಿದಾಗ ಗೊತ್ತಾಗುತ್ತದೆ.

ಜಾಡಿಯಲ್ಲಿ ಗೆದ್ದ ಶೂರ ಹೊಲದಲ್ಲಿ ಮಣ್ಣು ಮುಕ್ಕುವುದು ಸಾಮಾನ್ಯ. ಮರಳಿನಲ್ಲಿ ಅವನಿಗೆ ಎದುರಾಳಿ ಇರಲಿಲ್ಲ. ಹೊಲದಲ್ಲಾದರೋ ತಲೆಮಾರುಗಳಿಂದ ಬೇರೂರಿದ ಸ್ಥಳೀಯರು ಕೋಟಿಗಟ್ಟಲೆ ಕಾದಿರುತ್ತಾರೆ, ಸೋಮಾರಿಗಳೇ ಆದರೂ ಬೇರಿಗೆ ನುಗ್ಗುವುದರಲ್ಲಿ ಚುರುಕು. ಪರಸ್ಥಳದ ತಳಿ ಎಷ್ಟೇ ದುಡಿಮೆಗಾರನಾದರೂ ಬಾಗಿಲಲ್ಲೇ ಸೋತರೆ ರೈತನಿಗೇನು ಬಂತು? ಹೀಗಾಗಿಯೇ ಅದೇ ಮಣ್ಣಿನ, ನುಗ್ಗುವ ಕಸುವೂ ದುಡಿಯುವ ಗುಣವೂ ಒಟ್ಟಿಗಿರುವ ತಳಿಯನ್ನು ಹುಡುಕುವುದು ಜಾಣತನ ಎಂದು ನನ್ನ ಲೆಕ್ಕ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಕಲಬುರಗಿಯ ಬಿಸಿಲು ತಾಳಲು ಹುಟ್ಟಿನಿಂದ ಕಲಿತದ್ದಾದರೆ ಇನ್ನೂ ಒಳ್ಳೆಯದು. ಹೊಲದ ಪ್ರಯೋಗದಲ್ಲಿ ಮತ್ತೆ ಗಂಟು ಕಿತ್ತು, ಡಿಎನ್ಎ ಗುರುತು ಹಿಡಿದು, ಒಳಗೆ ಕೂತವರು ನಾವು ಕಳಿಸಿದವರೋ ಬೇರೆಯವರೋ ಎಂದು ತಾಳೆ ನೋಡುತ್ತಾರೆ.

ಇಷ್ಟೆಲ್ಲ ದಾಟಿದ ತಳಿ ಲಿಗ್ನೈಟ್ ಪುಡಿಯಲ್ಲಿ ಬೆರೆತು ಪಾಕೀಟು ಸೇರುತ್ತದೆ. ಕಾನೂನಿನ ಪ್ರಕಾರ ಪ್ರತಿ ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಕೋಶಗಳಿರಬೇಕು. ಆ ಪಾಕೀಟು ತಗಡಿನ ಛಾವಣಿಯ ಅಂಗಡಿಯಲ್ಲಿ ಬೇಸಿಗೆ ಕಳೆದರೆ ಉಳಿಯುವುದು ಬರೀ ಕರಿಪುಡಿ. ಕೊಳ್ಳುವಾಗ ತಾರೀಖು ನೋಡಬೇಕು, ಬೆಳೆಯ ಹೆಸರೂ ನೋಡಬೇಕು. ಕಡಲೆಯ ಪಾಕೀಟು ತೊಗರಿಗೆ ಬಾರದು. 10 ಕಿಲೋ ಬೀಜಕ್ಕೆ ಸಾಮಾನ್ಯವಾಗಿ 200 ಗ್ರಾಂ ಸಾಕು. ಆರಿದ ಬೆಲ್ಲದ ನೀರಿನ ಅಂಟಿನಲ್ಲಿ ಬೀಜಕ್ಕೆ ಸವರಿ, ನೆರಳಲ್ಲಿ ಒಣಗಿಸಿ, ಅಂದೇ ಬಿತ್ತಬೇಕು.